ಲಕ್ಷ್ಮಿದೇವಮ್ಮನ ಎಡಗಣ್ಣು

ಫೆಬ್ರವರಿ 3, ಸೋಮವಾರ

ಚಿಕ್ಕಬಳ್ಳಾಪುರಕ್ಕೆ ಹೋಗಿ ಮೂಳೆಯ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ವರ್ಷಕ್ಕೆ ಒಂದೇ ಸಲ, ಡ್ರಿಪ್‌ನಲ್ಲಿ ಇಪ್ಪತ್ತು ನಿಮಿಷ. ಡಿಸೆಂಬರ್‌ನಲ್ಲಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗಿನಿಂದ ಡಾಕ್ಟರ್ ಮಧುಸೂದನ್ ಹೇಳುತ್ತಲೇ ಇದ್ದರು, ನಿಮಗೆ ಐವತ್ತಾರು, ನಿಮ್ಮ ಮೂಳೆಗೆ ಎಪ್ಪತ್ತು ಎಂದು. ನರ್ಸ್ ಒಂದು ಹಾಳೆ ಕೊಟ್ಟು "ಓದಿ ಸೈನ್ ಮಾಡಿ ಮೇಡಂ" ಅಂದಳು. ಸೈನ್ ಮಾತ್ರ ಮಾಡಿದೆ. ಇಪ್ಪತ್ತೆಂಟು ವರ್ಷದಿಂದ ಶಿಡ್ಲಘಟ್ಟದ ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್ ಆಗಿ ನಿಂತವಳಿಗೆ ಆ ಹಾಳೆ ಹೇಳಿಕೊಡುವುದೇನು? ತಲೆನೋವಿನಿಂದ ಸಾವಿನವರೆಗೆ ಎಲ್ಲವನ್ನೂ ಬರೆದಿರುತ್ತಾರೆ. ಗಿರಾಕಿಗಳು ಕೇಳಿದಾಗ ನಾನು ಹೇಳುವುದೂ ಇಷ್ಟೇ: ಅದನ್ನು ಓದಿದರೆ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲ, ಬಿಸಾಡಿ.

ನಾಳೆ ಅಂಗಡಿ ತಪ್ಪಿಸುವಂತಿಲ್ಲ. ಅಂಗಡಿ ರಮೇಶ್‌ಬಾಬು ಅವರದು, ಆದರೆ ಯಾವ ಕಪಾಟಿನಲ್ಲಿ ಏನಿದೆ ಎಂಬುದು ಇರುವುದು ನನ್ನ ತಲೆಯಲ್ಲಿ.

ಫೆಬ್ರವರಿ 4, ಮಂಗಳವಾರ

ಜ್ವರ, ಮೈಕೈ ನೋವು. ಇಂಜೆಕ್ಷನ್ನಿನದೇ, ಗೊತ್ತಿದ್ದದ್ದೇ. ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಕೇಶವ್ ಶಾಲೆಗೆ ಹೋಗುವ ಮುಂಚೆ ಗಂಜಿ ಕಾಯಿಸಿಟ್ಟರು. ಮದುವೆಯಾಗಿ ಮೂವತ್ತು ವರ್ಷವಾದರೂ ಈ ಮನುಷ್ಯನಿಗೆ ಗಂಜಿಗೆ ಉಪ್ಪು ಎಷ್ಟೆಂದು ತಿಳಿದಿಲ್ಲ.

ಫೆಬ್ರವರಿ 6, ಗುರುವಾರ

ಜ್ವರ ಬಿಟ್ಟಿದೆ. ನಿನ್ನೆಯಿಂದ ಬಲಗಣ್ಣು ಕೆಂಪಾಗಿದೆ. ಊರಲ್ಲೆಲ್ಲ ಮದ್ರಾಸ್ ಐ ಹಬ್ಬಿದೆ, ಕೇಶವರ ಶಾಲೆಯಲ್ಲಿ ಅರ್ಧ ತರಗತಿ ಖಾಲಿ. ನನಗೂ ಅಂಟಿರಬೇಕು. ಕಪಾಟಿನಿಂದ ಆಂಟಿಬಯೋಟಿಕ್ ಡ್ರಾಪ್ಸ್ ತೆಗೆದು ಹಾಕಿಕೊಂಡೆ. ಕಪ್ಪು ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ನಿಂತೆ.

ಇವತ್ತು ವಿಪರೀತ ಜನ. ಬಿಪಿ ಮಾತ್ರೆಯವರು, ಸಕ್ಕರೆಯವರು, ಗ್ಯಾಸ್ಟ್ರಿಕ್‌ನವರು. ಕೊಟ್ಟು ಕಳಿಸುವುದಷ್ಟೇ ಆದರೆ ಸುಲಭ, ಪ್ರತಿಯೊಬ್ಬರಿಗೂ ತಮ್ಮ ಕಥೆ ಹೇಳಬೇಕು. ಮೇಲೂರಿನ ಒಬ್ಬ ಮುದುಕಿ ಸೊಸೆಯ ಜೊತೆ ಬಂದಿದ್ದಳು, ಎಡಗಣ್ಣು ಕೆಂಡದ ಹಾಗಿತ್ತು. ಡ್ರಾಪ್ಸ್ ತೆಗೆದಿಟ್ಟರೂ ಬಿಡಲಿಲ್ಲ.

"ಸೂಜಿ ಹಾಕಿಸ್ಕೊಂಡ್ ಮೇಲೇನಮ್ಮ ಇದು. ಮೂಳೆಗೆ ಅಂತ ಹಾಕಿದ್ರು, ಚಿಕ್ಕಬಳ್ಳಾಪುರದಾಗೆ..."

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ. ಇದು ಕಣ್ಣು ಬೇನೆ. ನೋಡಿ, ನನಗೂ ಅದೇ ಬಂದಿದೆ." ಕನ್ನಡಕ ಎತ್ತಿ ನನ್ನ ಕಣ್ಣು ತೋರಿಸಿದೆ.

ಅವಳು ಹತ್ತಿರ ಬಗ್ಗಿ ನೋಡಿದಳು. "ಹೌದು, ಹಿಂಗೇ ಐತೆ" ಅಂದಳು. ಅಷ್ಟರಲ್ಲಿ ಹಿಂದಿನವರು ಕೂಗಾಡತೊಡಗಿದರು. ಸೊಸೆ ಫೋನಿನಲ್ಲಿ ದುಡ್ಡು ಕಳಿಸಿ ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದಳು.

ಫೆಬ್ರವರಿ 7, ಶುಕ್ರವಾರ

ಇದು ಕಣ್ಣು ಬೇನೆಯ ಹಾಗಿಲ್ಲ. ಪಿಸುರು ಇಲ್ಲ, ತುರಿಕೆ ಇಲ್ಲ. ಕಣ್ಣಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತುತ್ತಿರುವಂತಿದೆ. ಬೆಳಕು ತಡೆಯಲಾಗುತ್ತಿಲ್ಲ. ಕಿಟಕಿಗೆ ಬೆಡ್‌ಶೀಟು ಕಟ್ಟಿದೆ. ಒಳಗೆ ಕೂತರೆ ಉಸಿರು ಕಟ್ಟುತ್ತದೆ, ಹೊರಗೆ ಬಂದರೆ ಕಣ್ಣಿಗೆ ಚುಚ್ಚುತ್ತದೆ. ಅಡುಗೆಮನೆ, ನಡುಮನೆ, ಅಡುಗೆಮನೆ ಎಂದು ತಿರುಗುತ್ತಿದ್ದೇನೆ. ಸ್ಟ್ರಿಪ್ಪಿನ ಮೇಲಿನ ಅಕ್ಷರ ಮಂಜಾಗಿ ಕಾಣುತ್ತಿದೆ. ಅಕ್ಷರ ಕಾಣದ ಫಾರ್ಮಸಿಸ್ಟ್ ಏನು ಮಾಡಬೇಕು?

ಫೆಬ್ರವರಿ 9, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತೂ ಒಂದು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೇನೆ, ಸಾಲು ಎಲ್ಲೆಲ್ಲಿಗೋ ಹೋಗುತ್ತಿದೆ.

ನಿನ್ನೆ ಚಿಂತಾಮಣಿಯ ಕಣ್ಣಿನ ಡಾಕ್ಟರಮ್ಮನ ಬಳಿಗೆ ಕೇಶವ್ ಕರೆದುಕೊಂಡು ಹೋದರು. ಯಂತ್ರದ ಮೇಲೆ ಗಲ್ಲ ಇಡಿಸಿ ಬಹಳ ಹೊತ್ತು ನೋಡಿದರು.

"ಇದು ಹೊರಗಿನ ಸೋಂಕಲ್ಲ. ಕಣ್ಣೊಳಗೆ ಉರಿಯೂತ ಆಗಿದೆ. ಎರಡು ವಾರದಲ್ಲಿ ಹೊಸದಾಗಿ ಏನಾದ್ರೂ ಔಷಧಿ ತಗೊಂಡಿದ್ದೀರಾ?"

"ಇಲ್ಲ ಡಾಕ್ಟ್ರೇ."

"ಮಾತ್ರೆ, ಇಂಜೆಕ್ಷನ್ನು, ಏನೂ ಇಲ್ವಾ?"

"ಸೋಮವಾರ ಮೂಳೆ ಇಂಜೆಕ್ಷನ್ ತಗೊಂಡ್ಳಲ್ಲ" ಎಂದರು ಕೇಶವ್, ಹಿಂದಿನಿಂದ.

ಡಾಕ್ಟರಮ್ಮ ನನ್ನನ್ನು ನೋಡಿದರು. "ಅದೇ ಇರಬೇಕು. ಅಪರೂಪ, ಆದ್ರೆ ಆ ಔಷಧಿಗೆ ಹೀಗಾಗುತ್ತೆ. ಹಾಳೆಯಲ್ಲಿ ಬರೆದಿರ್ತಾರೆ. ನೀವು ಬೇಗ ಬಂದ್ರಿ. ಇಲ್ದಿದ್ರೆ ಕಣ್ಣಿನ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಂಡ್ಬಿಡುತ್ತೆ, ಆಮೇಲೆ ಬಿಡಿಸೋದು ಕಷ್ಟ. ಬರೀ ಆಂಟಿಬಯೋಟಿಕ್ ಹಾಕ್ಕೊಂಡು ಕೂತಿದ್ರೆ ಅದೇ ಗತಿ."

ಆ ಕ್ಷಣದಲ್ಲಿ ಮೇಲೂರಿನ ಮುದುಕಿಯ ಕಣ್ಣು ನೆನಪಾಯಿತು. "ಹೌದು, ಹಿಂಗೇ ಐತೆ" ಎಂದಿದ್ದು. ಅವಳು ಕಾರಣವನ್ನು ತಾನೇ ಬಾಯಿಬಿಟ್ಟು ಹೇಳಿದ್ದಳು. ನಾನು ಸಂಬಂಧವಿಲ್ಲ ಎಂದಿದ್ದೆ.

ಡಾಕ್ಟರಮ್ಮನಿಗೆ ಹೇಳಲಿಲ್ಲ. ದಾರಿಯಲ್ಲಿ ಕೇಶವರಿಗೂ ಹೇಳಲಿಲ್ಲ.

ಗಂಟೆಗೊಮ್ಮೆ ಸ್ಟೀರಾಯ್ಡ್ ಡ್ರಾಪ್ಸ್, ದಿನಕ್ಕೆ ಎರಡು ಸಲ ಪಾಪೆ ಹಿಗ್ಗಿಸುವ ಡ್ರಾಪ್ಸ್. ನೋವು ಆಗಲೇ ಅರ್ಧ ಇಳಿದಿದೆ. ಇಳಿದಷ್ಟೂ ಬೇರೇನೋ ಏರುತ್ತಿದೆ.

ಫೆಬ್ರವರಿ 10, ಸೋಮವಾರ

ಅಂಗಡಿಗೆ ಹೋಗಿ ಗುರುವಾರದ ಬಿಲ್ಲು ಹುಡುಕಿಸಿದೆ. ಲಕ್ಷ್ಮಿದೇವಮ್ಮ, ಮೇಲೂರು. ಕೆಳಗೆ ಫೋನ್ ನಂಬರೂ ಇದೆ.

ರಮೇಶ್‌ಬಾಬು ಅವರಿಗೆ ಹೇಳಿದೆ. ಷಟರ್ ಅರ್ಧ ಎಳೆದು ಒಳಗೆ ಬಂದರು.

"ಮೇಡಂ, ನೀವಾಗಿ ನೀವೇ ಹೋಗಿ ಹೇಳ್ಬೇಡಿ. ಡ್ರಾಪ್ಸ್ ಚೀಟಿ ಇಲ್ದೆ ಕೊಟ್ಟಿದ್ದೀವಿ. ನಾಳೆ ಅವರ ಮನೆ ಗಂಡಸರು ಹತ್ತು ಜನ ಬಂದು ನಿಂತ್ರೆ ನಾನೇನ್ ಹೇಳ್ಲಿ? ಅವಳಿಗೆ ನಿಮ್ದೇ ಆಗಿರ್ಬೇಕು ಅಂತೇನಿದೆ? ಬರೀ ಕಣ್ಣು ಬೇನೇನೂ ಇರ್ಬೋದು."

ಇರಬಹುದು. ನಿಜಕ್ಕೂ ಇರಬಹುದು. ಡಾಕ್ಟರಮ್ಮನೇ ಅಪರೂಪ ಎಂದಿದ್ದಾರೆ. ಅವಳಿಗೂ ಅದೇ ಆಗಿರುತ್ತದೆ ಎಂದು ನಾನೇಕೆ ಅಂದುಕೊಳ್ಳಬೇಕು?

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ನಂಬರ್ ಒತ್ತಿದೆ. ಎರಡು ಸಲ ರಿಂಗಾಯಿತು, ಕಟ್ ಮಾಡಿದೆ. ಮಧ್ಯಾಹ್ನ ಮತ್ತೆ ಒತ್ತಿ ರಿಂಗಾಗುವ ಮುಂಚೆಯೇ ಕಟ್ ಮಾಡಿದೆ. ಸಂಜೆ ಆ ನಂಬರಿನಿಂದಲೇ ಫೋನ್ ಬಂತು. ಎತ್ತಲಿಲ್ಲ.

ಫೆಬ್ರವರಿ 12, ಬುಧವಾರ

ಇವತ್ತೂ ಇಲ್ಲ.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಡ್ರಾಪ್ಸ್ ಹಾಕುತ್ತಾ ಕೇಶವ್ ಕೇಳಿದರು, "ವಲ್ಲೀ, ಕಣ್ಣು ತಿಳಿಯಾಗ್ತಾ ಇದೆ. ಮತ್ಯಾಕೆ ಮನೇಲೆಲ್ಲ ಹೀಗೆ ಓಡಾಡ್ತೀಯ? ನಿನ್ನೆಯಿಂದ ನಾಲ್ಕು ಸಲ ನೀನೇ ಎದ್ದು ಹೋಗಿ ಬೀಗ ಹಾಕಿದೆಯಾ ಅಂತ ನೋಡ್ಕೊಂಡು ಬಂದೆ." ಆಗ ಹೇಳಿಬಿಟ್ಟೆ. ಅವರು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. "ಹೋಗ್ಬೇಡ ಅಂತ ಹೇಳೋಣ ಅನ್ಸುತ್ತೆ. ಆದ್ರೆ ನೀನು ಹೀಗೇ ಓಡಾಡ್ತಿರ್ತೀಯ" ಎಂದರು.

ಹತ್ತು ಗಂಟೆಯ ಬಸ್ಸಿಗೆ ಮೇಲೂರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ರೇಷ್ಮೆ ಬೆಳೆ ಮುಗಿದು ಹುಳುಮನೆಯನ್ನು ತೊಳೆಯುತ್ತಿದ್ದರು, ಅಂಗಳದಲ್ಲೆಲ್ಲ ಬ್ಲೀಚಿಂಗ್ ಪುಡಿಯ ವಾಸನೆ. ಲಕ್ಷ್ಮಿದೇವಮ್ಮ ಒಳಗಿನ ಕೋಣೆಯ ಮಂಚದ ಮೇಲೆ, ತಲೆಯಿಂದ ಮೂಗಿನವರೆಗೆ ಟವಲು ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಒಂದು ವಾರದ ಹಿಂದೆ ನಾನೂ ಹೀಗೆಯೇ ಬೆಳಕಿಗೆ ಹೆದರಿ ಕಿಟಕಿ ಮುಚ್ಚಿದ್ದೆ. ಟವಲು ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು.

ಸೊಸೆಯ ಹೆಸರು ಪವಿತ್ರ. "ನೀವು ಹೇಳ್ದಂಗೇ ದಿನಕ್ಕೆ ನಾಲ್ಕು ಸಲ ಹಾಕ್ತಾ ಇದ್ದೀನಿ ಮೇಡಂ. ಒಂದು ಸಲಾನೂ ತಪ್ಸಿಲ್ಲ" ಅಂದಳು, ಮುಗಿದುಹೋದ ಬಾಟಲಿ ತೋರಿಸಿ.

ನಾನು ಏನು ಹೇಳಿದೆ? "ಈ ಡ್ರಾಪ್ಸ್ ಸಾಲದು, ಕಣ್ಣಿನ ಡಾಕ್ಟ್ರಿಗೆ ತೋರಿಸ್ಬೇಕು, ಈಗಲೇ ಹೊರಡೋಣ" ಎಂದೆ. ಸಾಲದು ಎಂದೆ. ತಪ್ಪು ಎನ್ನಲಿಲ್ಲ.

ಪಕ್ಕದ ಮನೆಯ ಕೊಂಡಪ್ಪ ಅವರ ಕಾರಿನಲ್ಲಿ ಚಿಂತಾಮಣಿಗೆ ಹೋದೆವು. ಡಾಕ್ಟರಮ್ಮ ಯಂತ್ರದಿಂದ ಮುಖ ಎತ್ತಿ, "ಪಾಪೆ ಸುತ್ತಲೂ ಅಂಟಿಕೊಂಡಿದೆ. ಒತ್ತಡಾನೂ ಏರಿದೆ. ಹೋದ ವಾರ ಬಂದಿದ್ರೆ ಇಷ್ಟಾಗ್ತಿರಲಿಲ್ವಲ್ಲಮ್ಮ" ಎಂದರು. ಎಡಗಣ್ಣಿನ ಎದುರಿಗೆ ಹಿಡಿದ ಬೆರಳು ಎಷ್ಟೆಂದು ಲಕ್ಷ್ಮಿದೇವಮ್ಮನಿಗೆ ಹೇಳಲಾಗಲಿಲ್ಲ.

ಪವಿತ್ರ ಹಣೆ ಚಚ್ಚಿಕೊಂಡಳು. "ಅತ್ತೆ ಸೋಮವಾರಾನೇ ಡಾಕ್ಟ್ರತ್ರ ಹೋಗಣ ಅಂದ್ರು. ನಾನೇ ಹುಳುಮನೆ ತೊಳೆಯೋದೈತೆ, ಮೆಡಿಕಲ್‌ನೋರು ಕೊಟ್ಟೋರಲ್ಲ, ವಾಸಿ ಆಗ್ತದೆ ಅಂದೆ. ನನ್ನಿಂದಾನೇ ಆಗಿದ್ದು."

ನಾನು ಪಕ್ಕದಲ್ಲೇ ನಿಂತಿದ್ದೆ. ಅವಳ ಬೆನ್ನು ಸವರಿದೆ. ಬಾಯಿ ಬಿಡಲಿಲ್ಲ.

ಫೆಬ್ರವರಿ 15, ಶನಿವಾರ

ಲೆಕ್ಕ ಹಾಕುತ್ತಲೇ ಇದ್ದೇನೆ. ಎಂಟನೇ ತಾರೀಖು ನನಗೆ ತಿಳಿಯಿತು. ಹದಿಮೂರಕ್ಕೆ ಹೋದೆ. ಐದು ದಿನ. ಹನ್ನೊಂದರ ಸಂಜೆ ಪವಿತ್ರ ಮಾಡಿದ ಫೋನನ್ನು ಎತ್ತಿದ್ದರೂ ಎರಡು ದಿನ ಉಳಿಯುತ್ತಿತ್ತು. ಡ್ರಾಪ್ಸ್ ಕೊಟ್ಟ ದಿನ ನನಗೆ ಗೊತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಈ ಐದು ದಿನಕ್ಕೆ ಏನು ಹೇಳಿಕೊಳ್ಳಲಿ?

ಫೆಬ್ರವರಿ 18, ಮಂಗಳವಾರ

ಅಂಗಡಿ. ಬಲಗಣ್ಣಿನ ಪಾಪೆ ಇನ್ನೂ ದೊಡ್ಡದಾಗಿಯೇ ಇದೆ, ಹತ್ತಿರದ್ದು ಓದಲು ಭೂತಗನ್ನಡಿ ಬೇಕು. ಅಂಚೆ ಕಚೇರಿಯಿಂದ ನಿವೃತ್ತರಾದ ಮುನಿವೆಂಕಟಪ್ಪ ಬಿಪಿ ಮಾತ್ರೆಗೆ ಬಂದಿದ್ದರು, ಜೊತೆಗೊಂದು ಕೆಮ್ಮಿನ ಸಿರಪ್ ಕೊಡಿ ಎಂದರು. ಒಣಕೆಮ್ಮಂತೆ, ಮಲಗಿದರೆ ಹೆಚ್ಚಂತೆ, ಎರಡು ತಿಂಗಳಾಯಿತಂತೆ. ಬಿಪಿ ಮಾತ್ರೆ ಬದಲಾಯಿಸಿದ್ದು ಯಾವಾಗ ಎಂದು ಕೇಳಿದೆ. ಎರಡು ತಿಂಗಳ ಹಿಂದೆ. ಸಿರಪ್ ಕೊಡಲಿಲ್ಲ. ಈ ಮಾತ್ರೆಯಿಂದ ಕೆಮ್ಮು ಬರಬಹುದು, ತಾವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಲಿ ಎಂದು ಚೀಟಿ ಬರೆದುಕೊಟ್ಟೆ. ಅವರ ಹೆಂಡತಿ ಇದೇ ಕೆಮ್ಮಿಗೆ ಹೆದರಿ ಕ್ಷಯದ ಪರೀಕ್ಷೆ ಮಾಡಿಸಿದ್ದರಂತೆ ಪಾಪ.

ರಮೇಶ್‌ಬಾಬು ಮುಖ ಊದಿಸಿಕೊಂಡಿದ್ದಾರೆ. "ಕ್ಯೂ ರೋಡಿಗೆ ಹೋಗಿದೆ ಮೇಡಂ, ಒಬ್ಬೊಬ್ಬರಿಗೆ ಹತ್ತತ್ತು ನಿಮಿಷ ಆದ್ರೆ ಹೆಂಗೆ?" ನಿಜ, ಈಚೆಗೆ ಕೆಲಸ ನಿಧಾನವಾಗುತ್ತಿದೆ. ಕಣ್ಣು ಸರಿಯಿಲ್ಲದ್ದರಿಂದ ಇರಬೇಕು.

ಫೆಬ್ರವರಿ 22, ಶನಿವಾರ

ಲಕ್ಷ್ಮಿದೇವಮ್ಮನ ಎರಡನೇ ತಪಾಸಣೆ. ನಾನೇ ಜೊತೆಗೆ ಹೋದೆ. ಒತ್ತಡ ಇಳಿದಿದೆ. ಅಂಟಿದ್ದರಲ್ಲಿ ಅರ್ಧ ಬಿಟ್ಟುಕೊಂಡಿದೆ, ಉಳಿದದ್ದು ಬಿಡುವುದು ಅನುಮಾನವಂತೆ. ಎಡಗಣ್ಣಿನಿಂದ ಬೆರಳು ಎಣಿಸಿದಳು. ಮುಖ ಗುರುತಿಸಲಾಗಲಿಲ್ಲ.

ಬಸ್ಸಿನಲ್ಲಿ ಪವಿತ್ರ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅವಳ ಗಂಡ ಮುರಳಿಮೋಹನ್ ಅವಳೊಡನೆ ಸರಿಯಾಗಿ ಮಾತಾಡುತ್ತಿಲ್ಲವಂತೆ. "ನಮ್ಮಮ್ಮನ ಕಣ್ಣಿಗಿಂತ ನಿಂಗೆ ಹುಳುಮನೆ ಹೆಚ್ಚಾಯ್ತಾ ಅಂತಾರೆ ಮೇಡಂ. ಏನ್ ಹೇಳ್ಲಿ, ನಿಜಾನೇ ಅಲ್ವಾ?"

ಶಿಡ್ಲಘಟ್ಟ ಬರುವವರೆಗೆ ಹೇಳಬೇಕು, ಈಗ ಹೇಳಬೇಕು ಎಂದುಕೊಂಡೆ. ಸ್ಟಾಪು ಬಂತು. ಇಳಿದೆ.

ಫೆಬ್ರವರಿ 25, ಮಂಗಳವಾರ

ಔಷಧಿಯ ಅಡ್ಡಪರಿಣಾಮವನ್ನು ವರದಿ ಮಾಡುವ ಒಂದು ಸರ್ಕಾರಿ ಫಾರಂ ಇದೆ. ಇಷ್ಟು ವರ್ಷದಲ್ಲಿ ಒಂದನ್ನೂ ತುಂಬಿರಲಿಲ್ಲ. ಇವತ್ತು ಎರಡು ತುಂಬಿದೆ, ನನ್ನದು ಒಂದು, ಲಕ್ಷ್ಮಿದೇವಮ್ಮನದು ಒಂದು. ಡಾಕ್ಟರ್ ಮಧುಸೂದನ್ ಅವರಿಗೂ ಫೋನ್ ಮಾಡಿದೆ. "ಒಂದೇ ವಾರದಲ್ಲಿ ಇಬ್ಬರಿಗಾ?" ಎಂದು ಎರಡು ಸಲ ಕೇಳಿದರು. ಆ ವಾರ ಇಂಜೆಕ್ಷನ್ ಪಡೆದವರಿಗೆಲ್ಲ ಫೋನ್ ಮಾಡಿಸಿ ವಿಚಾರಿಸುತ್ತೇನೆ ಎಂದರು.

ಫಾರಂನಲ್ಲಿ ತೊಂದರೆ ಶುರುವಾದ ದಿನ, ಚಿಕಿತ್ಸೆ ಶುರುವಾದ ದಿನ ಎಂದು ಎರಡು ಖಾನೆಗಳಿವೆ. ಅವಳ ಫಾರಂನಲ್ಲಿ ನಾಲ್ಕು, ಹದಿಮೂರು ಎಂದು ಬರೆದೆ. ನಡುವೆ ಏನಾಯಿತು ಎಂದು ಕೇಳುವ ಖಾನೆ ಇಲ್ಲ.

ಮಾರ್ಚ್ 3, ಸೋಮವಾರ

ನನ್ನ ಕಣ್ಣು ಪೂರ್ತಿ ವಾಸಿ ಎಂದರು ಡಾಕ್ಟರಮ್ಮ. ಡ್ರಾಪ್ಸ್ ಇಳಿಸುತ್ತಾ ಬಂದು ತಿಂಗಳ ಕೊನೆಗೆ ನಿಲ್ಲಿಸಬೇಕು. ಆ ಇಂಜೆಕ್ಷನ್ ಮಾತ್ರ ಮತ್ತೆ ಬೇಡ. ಕೇಶವ್ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರ್ ಪಾಕ್ ಕೊಂಡರು. ಒಂದು ತುಂಡು ಬಾಯಿಗೆ ಹಾಕಿಕೊಂಡೆ, ಉಳಿದದ್ದನ್ನು ಕಟ್ಟಿ ಬ್ಯಾಗಿಗೆ ಹಾಕಿದೆ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಯಾರಿಗೂ ಫೋನ್ ಮಾಡದೆ ಮೇಲೂರಿಗೆ ಹೊರಟೆ.

ಹುಳುಗಳು ಹಣ್ಣಾಗುತ್ತಿದ್ದ ದಿನ. ಬಾಗಿಲಲ್ಲಿ ಹರಡಿದ್ದ ಬ್ಲೀಚಿಂಗ್ ಪುಡಿ ತುಳಿದು ಕೈ ತೊಳೆದು ಹುಳುಮನೆಯೊಳಗೆ ಹೋದೆ. ಲಕ್ಷ್ಮಿದೇವಮ್ಮ ತಟ್ಟೆಯ ಮುಂದೆ ಕೂತು ಹಣ್ಣಾದ ಹುಳುಗಳನ್ನು ಆರಿಸುತ್ತಿದ್ದಳು. ಸೊಪ್ಪು ತಿನ್ನುವುದು ಬಿಟ್ಟು ಮೈ ತಿಳಿಯಾದ ಹುಳುಗಳನ್ನು ಹೊತ್ತಿಗೆ ಸರಿಯಾಗಿ ಎತ್ತಿ, ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಚಂದ್ರಂಕಿಗೆ, ಬಿಡಬೇಕು. ಅವಳು ಒಂದೊಂದನ್ನೂ ಬಲಗಣ್ಣಿನ ಹತ್ತಿರ ಹಿಡಿದು, ತಲೆ ಓರೆ ಮಾಡಿ, ಬೆಳಕಿಗೆ ಒಡ್ಡಿ ನೋಡುತ್ತಿದ್ದಳು. ಅನುಮಾನ ಬಂದರೆ ಬೆರಳಿನಿಂದ ಸವರುತ್ತಿದ್ದಳು. ಪವಿತ್ರ ಆಚೆ ಸೊಪ್ಪು ಇಳಿಸುತ್ತಿದ್ದಳು.

"ಯಾರದು? ಮೆಡಿಕಲ್‌ನೋಳಾ? ಬಾಮ್ಮ, ಕೂತ್ಕೋ."

"ಅಮ್ಮ, ಒಂದು ಮಾತು ಹೇಳಬೇಕು" ಎಂದೆ. ನಿಂತೇ ಹೇಳಿದೆ, ಕೂತರೆ ಹೇಳುವುದಿಲ್ಲ ಎಂದು ಗೊತ್ತಿತ್ತು. "ಡಾಕ್ಟರಮ್ಮ ಹೋದ ವಾರ ಬಂದಿದ್ರೆ ಅಂದ್ರಲ್ಲ. ಆ ಹೋದ ವಾರ ನನಗೆ ಗೊತ್ತಿತ್ತು. ನೀವು ಸೂಜಿ ವಿಷಯ ಹೇಳಿದ್ರಿ, ನಾನು ಕೇಳಲಿಲ್ಲ. ಡ್ರಾಪ್ಸ್ ಕೊಟ್ಟಿದ್ದೇ ತಪ್ಪು. ಆಮೇಲೆ ಡಾಕ್ಟರಮ್ಮನಿಗೆ ನನ್ನ ಕಣ್ಣು ತೋರಿಸಿದಾಗ ನಿಮಗೂ ಇದೇ ಇರುತ್ತೆ ಅಂತ ಅನ್ನಿಸ್ತು. ಆದ್ರೂ ಐದು ದಿನ, ನಿಮ್ಮ ನಂಬರ್ ಸಿಕ್ಕಿದ್ಮೇಲೂ, ಸುಮ್ನಿದ್ದೆ. ಪವಿತ್ರ ಫೋನ್ ಮಾಡಿದ್ರೂ ಎತ್ತಲಿಲ್ಲ."

ಅವಳ ಕೈಯಲ್ಲಿದ್ದ ಹುಳು ತಲೆ ಎತ್ತಿ ಆಡಿಸುತ್ತಿತ್ತು. ಅದನ್ನು ಚಂದ್ರಂಕಿಗೆ ಬಿಟ್ಟಳು.

"ಯಾತಕ್ಕೆ ಸುಮ್ನಿದ್ದೆ?"

"ಹೆದರಿಕೆ ಆಯ್ತು. ಜನ ಬರ್ತಾರೆ, ಕೆಲಸ ಹೋಗುತ್ತೆ ಅಂತ."

"ಆ ಐದು ದಿನ ನಂಗೆ ಹಗಲಾಗೋದೇ ಬೇಡ ಅನ್ನಿಸ್ತಿತ್ತು" ಅಂದಳು. ಅಷ್ಟೇ. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆಮೇಲೆ ಗಟ್ಟಿಯಾಗಿ ಕೂಗಿದಳು, "ಪವಿತ್ರಾ, ಇಲ್ಲಿ ಬಾಮ್ಮ. ನಿನ್ ಗಂಡನ್ನೂ ಕರಿ."

ಇಬ್ಬರೂ ಬಂದರು.

"ಇನ್ನೊಂದ್ಸಲ ಹೇಳು ಇವರ ಮುಂದೆ. ತಿಂಗಳಿಂದ ನನ್ನಿಂದಾನೇ ಆಯ್ತು ಅಂತ ಈ ಹುಡುಗಿ ಸರ್ಯಾಗಿ ಅನ್ನ ತಿಂದಿಲ್ಲ."

ಇನ್ನೊಂದು ಸಲ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು. ಮುರಳಿಮೋಹನ್ ನನ್ನ ಕಡೆ ಒಂದು ಹೆಜ್ಜೆ ಬಂದು, "ಏನ್ರೀ ನೀವು, ಓದ್ದೋರು..." ಎಂದು ಶುರು ಮಾಡಿದವನು ಹೆಂಡತಿಯ ಮುಖ ನೋಡಿ ನಿಂತ. ಪವಿತ್ರ ಹೊರಗೆ ಹೋದಳು. ಅವನೂ ಅವಳ ಹಿಂದೆಯೇ ಹೋದ. ನಾನು ಬ್ಯಾಗು ಎತ್ತಿಕೊಂಡೆ.

"ಎಲ್ಲಿಗೆ? ಬಸ್ಸು ಒಂದೂವರೆಗೆ. ಇವು ಕಾಯಲ್ಲ, ಸೊಪ್ಪಲ್ಲೇ ನೂಲು ಬಿಟ್ಟು ಹಾಳಾಗ್ತವೆ. ನಿನ್ ಕಣ್ಣು ನೆಟ್ಟಗೈತಲ್ಲ, ಕೂತ್ಕೊಂಡು ಆರಿಸು."

ಕೂತೆ. ನಾನು ಆರಿಸಿಕೊಟ್ಟ ಮೊದಲ ಹತ್ತರಲ್ಲಿ ಆರನ್ನು ಬೆರಳಲ್ಲಿ ಸವರಿ ವಾಪಸು ಹಾಕಿದಳು. "ಇದಿನ್ನೂ ಹಸಿ. ಆತುರ ಮಾಡ್ಬೇಡ. ಬೆಳಕಿಗೆ ಹಿಡಿ, ಒಳಗೆ ನೋಡು." ನಿಧಾನವಾಗಿ ತಿಳಿಯಿತು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಎಷ್ಟು ಹೊತ್ತು ಕೂತಿದ್ದೆನೋ, ಒಂದು ಸಲವೂ ಎದ್ದು ಓಡಾಡಬೇಕೆನಿಸಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಪವಿತ್ರ ಬಂದು ಇನ್ನೊಂದು ತಟ್ಟೆಯನ್ನು ನಮ್ಮ ನಡುವೆ ಇಟ್ಟಳು. ಕಣ್ಣು ಕೆಂಪಾಗಿತ್ತು, ಅತ್ತಿದ್ದಳು. ನನ್ನ ಕಡೆ ನೋಡದೆ ಕೇಳಿದಳು:

"ಬುಧವಾರ ಅತ್ತೆಗೆ ಚೆಕಪ್ಪು. ನೀವು ಬರ್ತೀರೋ, ನಾವೇ ಹೋಗಣವೋ?"

"ಬರ್ತೀನಿ."

"ಎಂಟು ಗಂಟೆ ಬಸ್ಸು. ತಡ ಮಾಡ್ಬೇಡಿ" ಅಂದಳು.